ಸಾಂಕ್ರಾಮಿಕ ರೋಗದ ಕಾಲದಲ್ಲಿ ಬಯಲಿನ ಆಟ-ವಿಹಾರ: ಯಾವುದಕ್ಕೆ ಅನುಮತಿ, ಯಾವುದಕ್ಕೆ ತಡೆ?

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನನಗೆ ಕೊಟ್ಟಿರುವ ವಿಷಯವನ್ನು ಕೇಳಿದಾಗ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಕೋವಿಡ್ ಮುಗಿದು ವರ್ಷಗಳಾದವು, ಈಗೇಕೆ ಆ ಮಾತು ಎಂದು ಕೇಳಬಹುದು. ಆದರೆ ಕೊಡೆಯನ್ನು ಮಳೆ ಬಂದ ಮೇಲೆ ಹೊಲಿಸಲು ಹೋಗುವುದು ಜಾಣತನವಲ್ಲ. ಗಾಬರಿಯ ದಿನಗಳಲ್ಲಿ ಬರೆದ ನಿಯಮಗಳು ಗಾಬರಿಯ ನಿಯಮಗಳೇ ಆಗಿರುತ್ತವೆ. ನೆಮ್ಮದಿಯ ದಿನಗಳಲ್ಲಿ ಕುಳಿತು ಯೋಚಿಸಿದರೆ ಮಾತ್ರ ಮುಂದಿನ ಸಲ ಯಾವುದನ್ನು ತಡೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ನಮಗೆ ದೊರಕುತ್ತದೆ. ಅದರಲ್ಲೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ತಾಲ್ಲೂಕುಗಳಲ್ಲಿ ಬದುಕುವ ನಾವು ಈ ವಿಷಯವನ್ನು ನಮ್ಮ ಕಣ್ಣಿನಿಂದಲೇ ನೋಡಬೇಕು. ಏಕೆಂದರೆ ನಿಯಮಗಳು ಬರುವುದು ರಾಜಧಾನಿಯಿಂದ, ಅವುಗಳ ಪರಿಣಾಮವನ್ನು ಅನುಭವಿಸುವವರು ನಾವು.

ನಡೆದದ್ದೇನು?

ಮೊದಲು ಘಟನೆಗಳನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದಲ್ಲೇ ಕೋವಿಡ್‌ನಿಂದಾದ ಮೊದಲ ಸಾವೆಂದು ಆಮೇಲೆ ದೃಢಪಟ್ಟಿತು. ಕೆಲವೇ ದಿನಗಳಲ್ಲಿ ನಮ್ಮ ರಾಜ್ಯದಲ್ಲಿ ಚಿತ್ರಮಂದಿರ, ಮಾಲ್, ಜಾತ್ರೆ, ಕ್ರೀಡಾಕೂಟ, ಬೇಸಿಗೆ ಶಿಬಿರಗಳೆಲ್ಲ ಬಂದ್ ಆದವು. ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮತ್ತು 2005ರ ವಿಪತ್ತು ನಿರ್ವಹಣಾ ಕಾಯ್ದೆಗಳ ಬಲದಿಂದ ಜನರನ್ನು ಮನೆಯೊಳಗೆ ಇರಿಸಲಾಯಿತು.

ಮೇ 1ರ ಕೇಂದ್ರದ ಪಟ್ಟಿಯಲ್ಲಿ ನಮ್ಮ ದಾವಣಗೆರೆ ಜಿಲ್ಲೆ ಹಸಿರು ವಲಯದಲ್ಲಿತ್ತು. ಅದೇ ವಾರ ಜಿಲ್ಲಾ ಕೇಂದ್ರದಲ್ಲಿ ಸೋಂಕು ಏರಿತು, ಬಡಾವಣೆಗಳು ಸೀಲ್‌ಡೌನ್ ಆದವು. ಮೇ 19ರಿಂದ ರಾಜ್ಯದಲ್ಲಿ ಉದ್ಯಾನಗಳನ್ನು ಬೆಳಿಗ್ಗೆ 7ರಿಂದ 9 ಹಾಗೂ ಸಂಜೆ 5ರಿಂದ 7ರವರೆಗೆ ತೆರೆಯಲು ಅನುಮತಿ ಸಿಕ್ಕಿತು. ಸಂಜೆ 7ರಿಂದ ಬೆಳಿಗ್ಗೆ 7ರವರೆಗೆ ಸಂಚಾರ ನಿರ್ಬಂಧ. 65 ವರ್ಷ ದಾಟಿದವರು, 10 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮನೆಯಲ್ಲೇ ಇರಬೇಕೆಂಬ ಸೂಚನೆ.

ಎರಡನೆಯ ಅಲೆಯಲ್ಲಿ, 2021ರ ಏಪ್ರಿಲ್ 27ರಿಂದ ಮತ್ತೆ ಎಲ್ಲವೂ ನಿಂತಿತು. ಜೂನ್ 14ರಂದು ಬಹುತೇಕ ಜಿಲ್ಲೆಗಳಲ್ಲಿ ಸಡಿಲಿಕೆ ಬಂದು, ಬೆಳಿಗ್ಗೆ 5ರಿಂದ 10ರವರೆಗೆ ಉದ್ಯಾನಗಳಲ್ಲಿ ನಡಿಗೆಗೆ ಅವಕಾಶವಾಯಿತು. ಆದರೆ ಸೋಂಕು ಇಳಿಯದ 11 ಜಿಲ್ಲೆಗಳಿಗೆ ಈ ಸಡಿಲಿಕೆ ಸಿಗಲಿಲ್ಲ. ಆ ಹನ್ನೊಂದರಲ್ಲಿ ದಾವಣಗೆರೆಯೂ ಒಂದು.

ಗಾಳಿಯ ಪಾಠ

2020ರ ಮಾರ್ಚ್‌ನಲ್ಲಿ ಈ ವೈರಾಣು ಹೇಗೆ ಹರಡುತ್ತದೆ ಎಂಬುದು ವೈದ್ಯರಿಗೂ ಸ್ಪಷ್ಟವಿರಲಿಲ್ಲ. ಆದ್ದರಿಂದ ಮೊದಲ ಕೆಲವು ವಾರ ಎಲ್ಲಕ್ಕೂ ಬಾಗಿಲು ಹಾಕಿದ್ದನ್ನು ತಪ್ಪೆಂದು ಹೇಳುವುದು ನ್ಯಾಯವಲ್ಲ. ಆದರೆ ತಿಂಗಳುಗಳು ಕಳೆದಂತೆ ಒಂದು ಸಂಗತಿ ಖಚಿತವಾಗುತ್ತಾ ಬಂತು. ಮುಚ್ಚಿದ ಕೋಣೆಯಲ್ಲಿ ರೋಗ ಹರಡುವ ವೇಗಕ್ಕೂ ತೆರೆದ ಬಯಲಿನಲ್ಲಿ ಹರಡುವ ವೇಗಕ್ಕೂ ಅಜಗಜಾಂತರವಿದೆ.

ಚೀನಾದ 320 ನಗರಗಳ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಮೂವರು ಅಥವಾ ಹೆಚ್ಚು ಜನರಿಗೆ ಒಟ್ಟಿಗೆ ಸೋಂಕು ತಗುಲಿದ 318 ಪ್ರಕರಣಗಳೂ ಒಳಾಂಗಣದಲ್ಲಿಯೇ ನಡೆದಿದ್ದವು. ವಿವರ ಸಿಕ್ಕ 7,324 ಸೋಂಕಿತರಲ್ಲಿ ಹೊರಾಂಗಣದಲ್ಲಿ ಹರಡಿದ ಪ್ರಕರಣ ಕಂಡದ್ದು ಒಂದೇ, ಅದಕ್ಕೆ ಸೇರಿದವರು ಇಬ್ಬರು. ಅದು ಚಳಿಗಾಲ, ಜನ ಒಳಗೇ ಹೆಚ್ಚು ಇದ್ದರು ಎಂಬುದನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು. ಆದರೂ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧಕರು, ಹೊರಾಂಗಣದಲ್ಲಿ ತಗುಲಿದ ಸೋಂಕು ಶೇಕಡಾ 10ಕ್ಕಿಂತ ಕಡಿಮೆ ಎಂಬ ತೀರ್ಮಾನಕ್ಕೇ ಬಂದರು.

ಕಾರಣ ಸರಳ. ಮಾತನಾಡುವಾಗ, ಕೆಮ್ಮುವಾಗ ಬಾಯಿಂದ ಹೊರಡುವ ದೊಡ್ಡ ಹನಿಗಳು ಎರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. ಅತಿ ಸೂಕ್ಷ್ಮ ಕಣಗಳು ಗಾಳಿಯಲ್ಲಿ ತೇಲುತ್ತವೆ. ಇವು ಹತ್ತು ಮೀಟರಿನವರೆಗೂ ಸಾಗಬಲ್ಲವು ಎಂದು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯೇ 2021ರ ಮೇ ತಿಂಗಳಲ್ಲಿ ತಿಳಿಸಿತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಹಚ್ಚಿದರೆ ಹೊಗೆ ಅಲ್ಲೇ ತುಂಬಿಕೊಳ್ಳುತ್ತದೆ. ಅದೇ ಊದುಬತ್ತಿಯನ್ನು ಕೆರೆಯ ಏರಿಯ ಮೇಲೆ ಹಚ್ಚಿದರೆ ಹೊಗೆ ಕಣ್ಣಿಗೂ ಕಾಣದಂತೆ ಚದುರುತ್ತದೆ. ವೈರಾಣುವಿನ ಕಥೆಯೂ ಇದೇ.

ನಮ್ಮ ಅಜ್ಜಂದಿರಿಗೆ ಈ ವಿಜ್ಞಾನ ಗೊತ್ತಿರಲಿಲ್ಲ. ಆದರೂ ಪ್ಲೇಗಿನ ಕಾಲದಲ್ಲಿ ಅವರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಆ ರೋಗ ಇಲಿ-ಚಿಗಟಗಳಿಂದ ಬರುವಂಥದ್ದು, ಕಾರಣ ಬೇರೆ. ಆದರೆ ಇಕ್ಕಟ್ಟಾದ ಮನೆಗಿಂತ ಬಯಲು ಮೇಲು ಎಂಬ ತಿಳಿವಳಿಕೆ ಈ ನಾಡಿಗೆ ಹೊಸದಲ್ಲ.

ಹಾಗೆಂದು ಬಯಲು ಎಂದ ಮಾತ್ರಕ್ಕೆ ಅಭಯ ಸಿಕ್ಕಿತೆಂದು ಯಾರೂ ಭಾವಿಸಬಾರದು. ಜಪಾನ್ ದೇಶ ತನ್ನ ಜನರಿಗೆ ಮೂರು ಅಪಾಯಗಳನ್ನು ಹೇಳಿಕೊಟ್ಟಿತು: ಗಾಳಿಯಾಡದ ಜಾಗ, ಜನಜಂಗುಳಿ, ಮುಖಾಮುಖಿ ಹತ್ತಿರದ ಮಾತು. ಬಯಲಿಗೆ ಬಂದರೆ ಮೊದಲನೆಯದು ಮಾತ್ರ ತಪ್ಪುತ್ತದೆ, ಉಳಿದೆರಡು ಉಳಿದೇ ಇರುತ್ತವೆ. 2022ರ ಜನವರಿಯಲ್ಲಿ, ಮೂರನೆಯ ಅಲೆಯ ನಿರ್ಬಂಧಗಳಿದ್ದಾಗಲೇ, ಹೊನ್ನಾಳಿ ಭಾಗದಲ್ಲಿ ಹೋರಿ ಬೆದರಿಸುವ ಸ್ಪರ್ಧೆಗೆ ಭಾರೀ ಜನ ಸೇರಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದೂ ಬಯಲೇ. ಆದರೆ ಹೆಗಲಿಗೆ ಹೆಗಲು ತಾಗಿಸಿ ಕೂಗುವ ಜನಸಾಗರಕ್ಕೂ, ಏರಿಯ ಮೇಲೆ ಒಂಟಿಯಾಗಿ ನಡೆಯುವ ಮಧುಮೇಹದ ರೋಗಿಗೂ ಒಂದೇ ನಿಯಮ ಸಲ್ಲದು. ನನ್ನ ಮಾತಿನ ಸಾರವೇ ಇದು.

ಮನೆಯೊಳಗೆ ಇಟ್ಟದ್ದರ ಬೆಲೆ

ಆಟವೆಂದರೆ ಐಷಾರಾಮ, ಜೀವ ಉಳಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಈ ಮಾತನ್ನು ಸ್ವಲ್ಪ ಪರೀಕ್ಷಿಸೋಣ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ನಡಿಗೆಯೇ ಅರ್ಧ ಔಷಧಿ. ಕೋವಿಡ್ ಹೆಚ್ಚು ಬಲಿ ತೆಗೆದುಕೊಂಡದ್ದು ಇದೇ ಕಾಯಿಲೆಗಳಿದ್ದವರನ್ನು. ಅವರ ನಡಿಗೆಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ರಕ್ಷಣೆಯ ಹೆಸರಿನಲ್ಲಿ ಇನ್ನೊಂದು ಅಪಾಯವನ್ನು ಮನೆಯೊಳಗೆ ಕರೆದಂತೆ.

ವಿದ್ಯಾರ್ಥಿಗಳೇ, ನಿಮ್ಮ ಕಣ್ಣಿನ ವಿಷಯವನ್ನು ಕೇಳಿ. ಚೀನಾದ ಫೀಚೆಂಗ್ ಎಂಬಲ್ಲಿ ಪ್ರತಿವರ್ಷ ಶಾಲಾಮಕ್ಕಳ ಕಣ್ಣು ತಪಾಸಣೆ ನಡೆಯುತ್ತದೆ. 2015ರಿಂದ 2019ರವರೆಗೆ ಆರು ವರ್ಷದ ಮಕ್ಕಳಲ್ಲಿ ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷ ಅತಿ ಹೆಚ್ಚೆಂದರೆ ಶೇಕಡಾ 5.7 ಇತ್ತು. ಮಕ್ಕಳು ತಿಂಗಳುಗಟ್ಟಲೆ ಮನೆಯೊಳಗಿದ್ದ 2020ರಲ್ಲಿ ಅದು ಶೇಕಡಾ 21.5ಕ್ಕೆ ಏರಿತು. ಬಯಲಿನ ಬೆಳಕು ಬೆಳೆಯುವ ಕಣ್ಣಿಗೆ ಎಷ್ಟು ಅಗತ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ನಮ್ಮಲ್ಲಿ 1ರಿಂದ 5ನೇ ತರಗತಿಯ ಮಕ್ಕಳು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷ ಅವರ ಮೈದಾನ ಎಂದರೆ ಮೊಬೈಲಿನ ಪರದೆ.

ಮನೆ ಎಂದರೆ ಎಲ್ಲರಿಗೂ ಒಂದೇ ಅಲ್ಲ. ಹಿತ್ತಲು, ತಾರಸಿ, ಅಂಗಳ ಇದ್ದವರಿಗೆ ಲಾಕ್‌ಡೌನ್ ಒಂದು ರೀತಿ. ಒಂದೂವರೆ ಕೋಣೆಯಲ್ಲಿ ಏಳೆಂಟು ಜನ ಇರುವ ಬೀಡಿ ಕಟ್ಟುವ, ಹಮಾಲಿ ಮಾಡುವ, ಗ್ಯಾರೇಜಿನಲ್ಲಿ ದುಡಿಯುವ ಕುಟುಂಬಕ್ಕೆ ಇನ್ನೊಂದು ರೀತಿ. ಅಂತಹ ಮನೆಯಲ್ಲಿ ಒಬ್ಬರಿಗೆ ಸೋಂಕು ಬಂದರೆ ಉಳಿದವರಿಗೆ ತಪ್ಪಿಸಿಕೊಳ್ಳಲು ಜಾಗವೆಲ್ಲಿ? ಬಯಲಿಗೆ ಬರಲು ಬಿಡುವುದೇ ಅವರಿಗೆ ಕೊಡಬಹುದಾದ ಅಗ್ಗದ ಚಿಕಿತ್ಸೆಯಾಗಿತ್ತು.

ಬೇರೆ ದೇಶಗಳ ಅನುಭವ

ಈ ಗೊಂದಲ ನಮ್ಮೊಬ್ಬರದೇ ಅಲ್ಲ. ಸ್ಪೇನ್ ದೇಶದಲ್ಲಿ 2020ರ ಮಾರ್ಚ್ ಮಧ್ಯದಿಂದ ಏಪ್ರಿಲ್ 26ರವರೆಗೆ ಮಕ್ಕಳು ಆಟಕ್ಕೆಂದು ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಆಮೇಲೆ ದಿನಕ್ಕೊಂದು ಗಂಟೆ, ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ಹಿರಿಯರೊಬ್ಬರ ಜೊತೆಯಲ್ಲಿ ಹೋಗಲು ಬಿಟ್ಟರು. ಬ್ರಿಟನ್ ಮೊದಲ ದಿನದಿಂದಲೇ ದಿನಕ್ಕೊಂದು ಬಾರಿ ಹೊರಗೆ ವ್ಯಾಯಾಮ ಮಾಡಲು ಅವಕಾಶ ಕೊಟ್ಟಿತ್ತು. ದಕ್ಷಿಣ ಆಫ್ರಿಕಾ ಐದು ವಾರ ನಡಿಗೆಯನ್ನೂ ನಿಷೇಧಿಸಿ, ಮೇ 1ರಿಂದ ಬೆಳಿಗ್ಗೆ 6ರಿಂದ 9ರವರೆಗೆ ಮಾತ್ರ ಬಿಟ್ಟಿತು. ಪರಿಣಾಮವೇನಾಯಿತು? ಇಡೀ ದಿನ ಚದುರಿ ನಡೆಯಬೇಕಾದ ಜನ ಮೂರೇ ಗಂಟೆಯಲ್ಲಿ ಕಡಲತೀರದ ದಾರಿಗಳಲ್ಲಿ ಒಟ್ಟಿಗೆ ತುಂಬಿಕೊಂಡರು.

ಸಮಯ ಕಿರಿದಾದಷ್ಟೂ ಗುಂಪು ದೊಡ್ಡದಾಗುತ್ತದೆ. ನಮ್ಮ 7ರಿಂದ 9ರ ನಿಯಮಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇನ್ನೊಂದು ವಿಷಯವನ್ನು ನಮ್ಮವರು ಚೆನ್ನಾಗಿ ಬಲ್ಲರು. ಉದ್ಯಾನಗಳು ತೆರೆದ 2020ರ ಮೇ 19 ರಂಜಾನಿನ ಕೊನೆಯ ವಾರ. ಸಂಜೆ 5ರಿಂದ 7 ಎಂದರೆ ಉಪವಾಸಿಗೆ ದಿನದಲ್ಲೇ ಅತಿ ದಣಿದ ವೇಳೆ. ಇಫ್ತಾರ್ ಮುಗಿಸಿ ನಾಲ್ಕು ಹೆಜ್ಜೆ ನಡೆಯೋಣವೆಂದರೆ ಆಗಲೇ ಸಂಚಾರ ನಿರ್ಬಂಧ. ಯಾರನ್ನೋ ನೋಯಿಸಬೇಕೆಂದು ಮಾಡಿದ ನಿಯಮ ಅದಲ್ಲ. ಆದರೆ ಎಲ್ಲರ ದಿನಚರಿಯನ್ನೂ ಕೇಳಿ ಮಾಡಿದ್ದೂ ಅಲ್ಲ.

ಉದ್ಯಾನವಿಲ್ಲದ ಊರುಗಳಿಗೆ ಉದ್ಯಾನದ ನಿಯಮ

ಈಗ ನಮ್ಮ ತಾಲ್ಲೂಕುಗಳಿಗೆ ಬರೋಣ. 'ಉದ್ಯಾನ ತೆರೆಯಬಹುದು' ಎಂಬ ಆದೇಶ ಬೆಂಗಳೂರಿಗೆ, ಹೆಚ್ಚೆಂದರೆ ದಾವಣಗೆರೆ ನಗರಕ್ಕೆ ಅರ್ಥಪೂರ್ಣ. ನಮ್ಮ ಜನ ನಡೆಯುವುದು ಉದ್ಯಾನದಲ್ಲಲ್ಲ. ಹೊನ್ನಾಳಿಯವರು ತುಂಗಭದ್ರೆಯ ದಡದಲ್ಲಿ, ಚನ್ನಗಿರಿಯವರು ಕೋಟೆಯ ಕಡೆಗೆ, ಅಡಿಕೆ ತೋಟಗಳ ದಾರಿಯಲ್ಲಿ, ಜಗಳೂರಿನವರು ಊರಾಚೆಯ ರಸ್ತೆಯಲ್ಲಿ, ನ್ಯಾಮತಿಯವರು ಹೊಲದ ಬದುವಿನಲ್ಲಿ ನಡೆಯುತ್ತಾರೆ. ಮಕ್ಕಳು ಆಡುವುದು ಶಾಲೆ-ಕಾಲೇಜಿನ ಮೈದಾನದಲ್ಲಿ, ಕೊಯ್ಲಾದ ಗದ್ದೆಯಲ್ಲಿ. ಆದೇಶದಲ್ಲಿ ಈ ಜಾಗಗಳ ಹೆಸರೇ ಇಲ್ಲದಿದ್ದರೆ ಅವು ತೆರೆದಿವೆಯೋ ಮುಚ್ಚಿವೆಯೋ ಎಂಬುದನ್ನು ಅಂದು ಎದುರಾದ ಪೇದೆಯ ಮನಸ್ಸು ತೀರ್ಮಾನಿಸುತ್ತದೆ. ನಿಯಮ ಅಸ್ಪಷ್ಟವಾಗಿದ್ದಲ್ಲಿ ಗುಮಾನಿ ಬೆಳೆಯುತ್ತದೆ. 2020ರ ಏಪ್ರಿಲ್‌ನಲ್ಲಿ ರೋಗವನ್ನು ಒಂದು ಸಮುದಾಯದ ಹೆಸರಿಗೆ ಅಂಟಿಸುವ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದು ನಿಮಗೆ ನೆನಪಿದೆ. ಯಾವುದಕ್ಕೆ ಅನುಮತಿ ಎಂಬುದು ಬರಹದಲ್ಲಿ ಸ್ಪಷ್ಟವಾಗಿದ್ದರೆ, ಮೈದಾನದಲ್ಲಿ ನಿಂತ ಹುಡುಗನನ್ನು ಅವನ ಟೋಪಿ ನೋಡಿ ಅಳೆಯಲು ಯಾರಿಗೂ ಅವಕಾಶವಿರುವುದಿಲ್ಲ.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. 2020ರ ಏಪ್ರಿಲ್ 20ರಿಂದಲೇ ಉದ್ಯೋಗ ಖಾತರಿಯ ಕೆಲಸಗಳಿಗೆ, ಅದರಲ್ಲೂ ನೀರಾವರಿ ಮತ್ತು ಜಲಸಂರಕ್ಷಣೆಯ ಕಾಮಗಾರಿಗಳಿಗೆ, ಅಂತರ ಕಾಯ್ದುಕೊಂಡು ನಡೆಸಲು ಅನುಮತಿ ಇತ್ತು. ಅದು ಸರಿಯಾದ ತೀರ್ಮಾನ, ಬಡವರ ಅನ್ನದ ಪ್ರಶ್ನೆ. ಆದರೆ ಅಂತರ ಕಾಯ್ದುಕೊಂಡು ಕೆರೆಯ ಮಣ್ಣು ಅಗೆಯಬಹುದಾದರೆ, ಅದೇ ಕೆರೆಯ ಏರಿಯ ಮೇಲೆ ಅಂತರ ಕಾಯ್ದುಕೊಂಡು ನಡೆಯಬಾರದೇಕೆ?

ಸಂತೇಬೆನ್ನೂರಿನ ಪುಷ್ಕರಣಿ ಮತ್ತು ಮುಸಾಫಿರ್‌ಖಾನೆಯನ್ನು ನೋಡಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳೆಲ್ಲ ದೇಶದಾದ್ಯಂತ 2020ರ ಮಾರ್ಚ್ 17ರಿಂದ ಮುಚ್ಚಿದ್ದವು, ಜುಲೈ 6ರಿಂದ ತೆರೆಯಲು ಅವಕಾಶವಾಯಿತು. 2021ರಲ್ಲಿ ಏಪ್ರಿಲ್ 16ರಿಂದ ಜೂನ್ 15ರವರೆಗೆ ಮತ್ತೆ ಮುಚ್ಚಿದವು. ಲಕ್ಷಗಟ್ಟಲೆ ಪ್ರವಾಸಿಗರು ಬರುವ ತಾಜಮಹಲಿಗೂ, ಸುತ್ತಲಿನ ಹಳ್ಳಿಯವರು ಸಂಜೆ ಬಂದು ಹೋಗುವ ನಮ್ಮ ಹೊಂಡಕ್ಕೂ ಒಂದೇ ದಿನಾಂಕ!

ಸೂಳೆಕೆರೆ, ಅಂದರೆ ಶಾಂತಿಸಾಗರದ ವಿಷಯ ಬೇರೆ. ಅಲ್ಲಿನ ವಿಶಾಲವಾದ ಏರಿಯ ಮೇಲಿನ ಗಾಳಿಯಲ್ಲಿ ಅಪಾಯವಿಲ್ಲ. ಆದರೆ ಭಾನುವಾರ ದೂರದ ಊರುಗಳಿಂದ ಒಂದೇ ವಾಹನದಲ್ಲಿ ಹತ್ತು ಜನ ತುರುಕಿಕೊಂಡು ಬಂದು, ಅಂಗಡಿಯ ಮುಂದೆ ಮುಗಿಬಿದ್ದು ಹೋಗುವುದರಲ್ಲಿ ಅಪಾಯವಿದೆ. ಆದ್ದರಿಂದ ಕೆರೆಯನ್ನು ಮುಚ್ಚಬೇಕಾಗಿಲ್ಲ, ದೂರದ ಪ್ರವಾಸವನ್ನು ತಡೆದರೆ ಸಾಕು. ಸುತ್ತಲಿನ ಹಳ್ಳಿಯವರು ನಡೆದುಬರಲಿ. ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯದ ಮಾತು ಇನ್ನೂ ಬೇರೆ. ಅದು ವನ್ಯಜೀವಿಗಳ ಮನೆ. ರೋಗವಿರಲಿ ಇಲ್ಲದಿರಲಿ, ಅಲ್ಲಿ ಅರಣ್ಯ ಇಲಾಖೆಯ ನಿಯಮವೇ ಅಂತಿಮ.

ಮೂರು ಪ್ರಶ್ನೆ, ಮೂರು ಪಟ್ಟಿ

ಹಾಗಾದರೆ ತೀರ್ಮಾನಿಸುವುದು ಹೇಗೆ? ಯಾವುದೇ ಆಟ-ವಿಹಾರದ ಬಗ್ಗೆ ಮೂರು ಪ್ರಶ್ನೆ ಕೇಳಿ. ಒಂದು, ಇದರಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ತಾಗುತ್ತದೆಯೇ? ಎರಡು, ಇದು ಜನರನ್ನು ಒಂದೆಡೆ ಸೆಳೆಯುತ್ತದೆಯೇ, ದೂರದ ಊರಿನವರನ್ನು ಬೆರೆಸುತ್ತದೆಯೇ? ಮೂರು, ಇದರಲ್ಲಿ ಪೆಟ್ಟು ಬಿದ್ದರೆ ಈಗಾಗಲೇ ತುಂಬಿತುಳುಕುವ ಆಸ್ಪತ್ರೆಗೆ ಹೊರೆಯಾಗುತ್ತದೆಯೇ? ದಾವಣಗೆರೆಯ ದೊಡ್ಡಾಸ್ಪತ್ರೆ ನಮ್ಮ ತಾಲ್ಲೂಕುಗಳಿಂದ ಸುಮಾರು ಐವತ್ತು ಕಿಲೋಮೀಟರ್ ದೂರ ಎಂಬುದನ್ನು ಮರೆಯಬೇಡಿ.

ಈ ಮೂರೂ ಪ್ರಶ್ನೆಗಳಿಗೆ 'ಇಲ್ಲ' ಎಂಬ ಉತ್ತರ ಬಂದರೆ ಯಾವ ಹಂತದಲ್ಲೂ ತಡೆಯಬಾರದು. ಒಬ್ಬರೇ ಅಥವಾ ಒಂದೇ ಮನೆಯವರು ಸೇರಿ ನಡೆಯುವುದು, ಓಡುವುದು, ಸೈಕಲ್ ತುಳಿಯುವುದು, ಹಗ್ಗದಾಟ, ಮರದಡಿ ಕುಳಿತು ಓದುವುದು ಮೊದಲನೆಯ ಪಟ್ಟಿ. ಇದಕ್ಕಿರುವ ವಿನಾಯಿತಿ ಒಂದೇ: ಸೋಂಕು ತಗುಲಿದವರು, ಅವರ ಸಂಪರ್ಕದಿಂದ ಕ್ವಾರಂಟೈನ್‌ನಲ್ಲಿ ಇರುವವರು ಹೊರಬರಕೂಡದು.

ಎರಡನೆಯ ಪಟ್ಟಿ ಷರತ್ತಿನದು. ಇಬ್ಬರೇ ಆಡುವ ಷಟಲ್, ಒಂದೇ ಓಣಿಯ ಏಳೆಂಟು ಮಕ್ಕಳ ಲಗೋರಿ, ಚಿನ್ನಿದಾಂಡು, ಟೆನ್ನಿಸ್ ಚೆಂಡಿನ ಕ್ರಿಕೆಟ್. ಸೋಂಕು ಇಳಿಮುಖವಾದಾಗ, ನೋಡುವವರ ಗುಂಪಿಲ್ಲದೆ, ಪಂದ್ಯಾವಳಿ ಮಾಡದೆ ಇವುಗಳಿಗೆ ಬಿಡಬಹುದು. ಚೆಂಡಿಗೆ ಎಂಜಲು ಹಚ್ಚುವ ಅಭ್ಯಾಸವನ್ನು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2020ರ ಜೂನ್‌ನಲ್ಲಿ ತಾತ್ಕಾಲಿಕವಾಗಿ ನಿಷೇಧಿಸಿ, 2022ರ ಅಕ್ಟೋಬರ್‌ನಿಂದ ಕಾಯಂ ನಿಯಮವಾಗಿಸಿತು. ದೊಡ್ಡ ಆಟಗಾರರು ಬಿಟ್ಟ ಚಟವನ್ನು ನೀವೂ ಬಿಡಬಹುದು.

ಮೂರನೆಯ ಪಟ್ಟಿ ತಡೆಯಲೇಬೇಕಾದದ್ದು. ಉಸಿರುಗಟ್ಟಿ 'ಕಬಡ್ಡಿ ಕಬಡ್ಡಿ' ಎನ್ನುತ್ತಾ ಮೈಮೇಲೆ ಬೀಳುವ ಆಟ, ಕುಸ್ತಿ, ಪಂದ್ಯಾವಳಿಗಳು, ಜಾತ್ರೆ, ಹೋರಿ ಸ್ಪರ್ಧೆ, ಬಸ್ಸು ಮಾಡಿಕೊಂಡು ಹೋಗುವ ಪ್ರವಾಸ. ಭದ್ರಾ ನಾಲೆಯಲ್ಲಿ ಈಜುವುದನ್ನೂ ಇದಕ್ಕೆ ಸೇರಿಸುತ್ತೇನೆ. ನೀರಿನಿಂದ ಕೋವಿಡ್ ಬರುತ್ತದೆ ಎಂದಲ್ಲ, ಬೇಸಿಗೆ ಬೆಳೆಗೆ ನೀರು ಬಿಟ್ಟಾಗ ನಾಲೆಯ ಸೆಳೆತ ಎಂಥದ್ದೆಂದು ಈ ಭಾಗದ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಶಾಲೆಯಿಲ್ಲದ, ಆಟವಿಲ್ಲದ ಹುಡುಗರು ಕದ್ದು ಹೋಗುವುದು ಅಲ್ಲಿಗೇ. ಮೈದಾನ ತೆರೆದಿಟ್ಟರೆ ನಾಲೆಯ ಕಡೆ ಹೋಗುವವರು ಕಡಿಮೆಯಾಗುತ್ತಾರೆ.

ಪೊಲೀಸರ ಕಷ್ಟವೂ ನನಗೆ ಅರ್ಥವಾಗುತ್ತದೆ. ಇಬ್ಬರಿಗೆ ಬಿಟ್ಟರೆ ಇಪ್ಪತ್ತು ಜನ ಬರುತ್ತಾರೆ, ಯಾರು ಎಣಿಸುವುದು ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಎರಡು. ಸಮಯವನ್ನು ಬೆಳಿಗ್ಗೆ 5ರಿಂದಲೇ ಹಿಗ್ಗಿಸಿ, ಜನ ತಾವಾಗಿ ಚದುರುತ್ತಾರೆ. ಎಣಿಸುವ ಕೆಲಸವನ್ನು ಊರಿನ ಸಂಘ-ಸಂಸ್ಥೆಗಳಿಗೆ ವಹಿಸಿ.

ವಿದ್ಯಾಗಮದ ಪಾಠ, ಹೆಣ್ಣುಮಕ್ಕಳ ಮೈದಾನ

2020ರ ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಆರಂಭಿಸಿತು. ಶಿಕ್ಷಕರು ಮಕ್ಕಳಿದ್ದಲ್ಲಿಗೆ ಹೋಗಿ ಮರದಡಿ, ಜಗಲಿಯಲ್ಲಿ, ಸಮುದಾಯ ಭವನಗಳಲ್ಲಿ ಪಾಠ ಹೇಳಿದರು. ಸೋಂಕಿನ ವರದಿಗಳಿಂದಾಗಿ ಅಕ್ಟೋಬರ್‌ನಲ್ಲಿ ಅದು ನಿಂತಿತು, 2021ರ ಜನವರಿ 1ರಿಂದ ಮತ್ತೆ ಶುರುವಾಯಿತು. ಮರದಡಿಯ ಪಾಠವನ್ನೂ ಭವನದೊಳಗಿನ ಪಾಠವನ್ನೂ ಒಂದೇ ಹೆಸರಿನಲ್ಲಿ ನಿಲ್ಲಿಸಿದ್ದು ಸರಿಯೇ ಎಂದು ನಾವು ಇಂದು ಕೇಳಿಕೊಳ್ಳಬೇಕು. ಮುಂದಿನ ಸಲ ಬಯಲಿನದನ್ನು ಉಳಿಸಿ, ಒಳಗಿನದನ್ನು ಮಾತ್ರ ನಿಲ್ಲಿಸುವ ವಿವೇಚನೆ ಬೇಕು.

ಇಲ್ಲಿ ಹೆಣ್ಣುಮಕ್ಕಳ ಮಾತನ್ನು ಆಡದೆ ಹೋದರೆ ನನ್ನ ಭಾಷಣ ಅಪೂರ್ಣ. ಮೈದಾನ ತೆರೆಯಿತು ಎಂದಾಗ ಗಂಡುಹುಡುಗರಿಗೆ ತೆರೆಯಿತು. ನಮ್ಮ ಹುಡುಗಿಯರಿಗೆ ಲಾಕ್‌ಡೌನ್‌ಗೆ ಮೊದಲೂ ಅಲ್ಲಿ ಜಾಗವಿರಲಿಲ್ಲ. ಶಾಲೆಯ ಆವರಣವೊಂದೇ ಅವರ ಬಯಲಾಗಿತ್ತು, ಅದೂ ಮುಚ್ಚಿತು. ಎಷ್ಟೋ ಮನೆಗಳಲ್ಲಿ ಅಡುಗೆಮನೆಯಿಂದ ನೀರಿನ ನಲ್ಲಿಯವರೆಗಿನ ದಾರಿಯೇ ಅವರ ನಡಿಗೆಯಾಯಿತು. ಆದ್ದರಿಂದ ಯಾವುದೇ ಸಡಿಲಿಕೆ ಬಂದಾಗ ಸುತ್ತುಗೋಡೆಯಿರುವ ಶಾಲಾ ಆವರಣವನ್ನು ದಿನದಲ್ಲಿ ಒಂದೆರಡು ಗಂಟೆ ಹೆಣ್ಣುಮಕ್ಕಳಿಗೆ, ತಾಯಂದಿರಿಗೆ ಮೀಸಲಿಡಬೇಕು. ಹಿರಿಯರಿಗೂ ಹಾಗೆಯೇ, ಬೆಳಗಿನ ಮೊದಲ ಗಂಟೆ. ವಯಸ್ಸಾದವರನ್ನು ಮನೆಯಲ್ಲೇ ಇರಿ ಎಂದು ಹೇಳುವುದಕ್ಕಿಂತ, ಗುಂಪಿಲ್ಲದ ವೇಳೆಯಲ್ಲಿ ಬನ್ನಿ ಎನ್ನುವುದು ಅವರಿಗೆ ತೋರುವ ಗೌರವ.

ನಮ್ಮ ಹೊಣೆ

ಇದೆಲ್ಲವನ್ನೂ ಸರ್ಕಾರವೇ ಮಾಡಲಿ ಎಂದು ಕೈಕಟ್ಟಿ ಕುಳಿತರೆ ಆಗದು. ಸಂಸ್ಥೆಯ ಸದಸ್ಯರಲ್ಲಿ ನನ್ನ ವಿನಂತಿ ಮೂರು. ನಾಲ್ಕೂ ತಾಲ್ಲೂಕುಗಳಲ್ಲಿ ಯಾವ ಮೈದಾನ, ಯಾವ ಏರಿ, ಯಾವ ಶಾಲಾ ಆವರಣ ಜನರ ಬಳಕೆಗೆ ಒದಗುತ್ತದೆ ಎಂಬ ಪಟ್ಟಿಯನ್ನು ಈಗಲೇ ತಯಾರಿಸಿ ತಹಶೀಲ್ದಾರರಿಗೆ ಕೊಡೋಣ. ಎಲ್ಲ ಸಮುದಾಯಗಳ ಯುವಕರನ್ನು ಕೂಡಿಸಿ ಮೈದಾನ ನೋಡಿಕೊಳ್ಳುವ ಸ್ವಯಂಸೇವಕರ ತಂಡ ಕಟ್ಟೋಣ. ನಮ್ಮ ಶಾಲೆಗಳ ಗೇಟಿನ ಬೀಗದ ಕೈಯನ್ನು ಅಂಥ ದಿನಗಳಲ್ಲಿ ಯಾರು, ಯಾವ ಹೊತ್ತಿಗೆ ತೆರೆಯಬೇಕೆಂದು ಇಂದೇ ಗೊತ್ತುಮಾಡೋಣ.

ವಿದ್ಯಾರ್ಥಿಗಳೇ, ನಿಮ್ಮ ಪಾಲಿನ ಕೆಲಸ ಇನ್ನೂ ದೊಡ್ಡದು. ಅನುಮತಿ ಎಂಬುದು ನಂಬಿಕೆಯ ಸಾಲ. ಏಳೆಂಟು ಜನ ಆಡಿ ಎಂದಾಗ ಇಪ್ಪತ್ತೈದು ಜನ ಸೇರಿದರೆ ಆ ಸಾಲ ಅಲ್ಲಿಗೆ ಮುಗಿಯುತ್ತದೆ, ಶಿಕ್ಷೆ ಮಾತ್ರ ಏರಿಯ ಮೇಲೆ ಒಂಟಿಯಾಗಿ ನಡೆಯುವ ನಿಮ್ಮ ಅಜ್ಜನಿಗೂ ಬೀಳುತ್ತದೆ. ಕೆಮ್ಮು-ಜ್ವರ ಇದ್ದ ದಿನ ಮನೆಯಲ್ಲೇ ಉಳಿಯುವುದು, ಆಟ ಮುಗಿದ ಮೇಲೆ ಅಂಗಡಿಯ ಮುಂದೆ ಗುಂಪುಗೂಡದೆ ಮನೆ ಸೇರುವುದು, ಗೆಳೆಯ ನಿಯಮ ಮುರಿದಾಗ ಅವನಿಗೆ ತಿಳಿಹೇಳುವುದು, ಇವು ಕಷ್ಟದ ಕೆಲಸಗಳಲ್ಲ.

ರೋಗ ಮತ್ತೆ ಬರದಿರಲಿ ಎಂಬುದೇ ನಮ್ಮೆಲ್ಲರ ದುಆ. ಒಂದು ವೇಳೆ ಬಂದರೆ, ಬಾಗಿಲು ಹಾಕುವ ಮೊದಲು ಯಾವ ಕಿಟಕಿಯನ್ನು ತೆರೆದಿಡಬೇಕೆಂದು ನಮಗೆ ಗೊತ್ತಿರಲಿ.